ಗಾಯಗೊಂಡ ಎಲೆ ಕಳುಹಿಸುವ ಚೀಟಿ



ಕಾರ್ತಿಕ ಮಾಸದಲ್ಲಿ ಮಾಗಡಿಯಿಂದ ಯಾವ ದಾರಿ ಹಿಡಿದು ಹೊರಟರೂ ರಾಗಿ ಹೊಲ ಕಣ್ಣಿಗೆ ಬೀಳುತ್ತದೆ. ನಡುನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು. ತೆನೆ ಬಲಿಯುವ ಕಾಲ ಅದು. ಯಾವುದಾದರೂ ಹೊಲದ ಬದುವಿನ ಮೇಲೆ ನಿಂತು ಗಮನವಿಟ್ಟು ನೋಡಿ. ಕೆಲವು ಗಿಡಗಳಲ್ಲಿ ತೆನೆಯನ್ನು ಹಿಡಿದುಕೊಂಡಿರುವ ಕುತ್ತಿಗೆಯ ಜಾಗ ಕಪ್ಪಾಗಿರುತ್ತದೆ. ಅಂಥ ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿದರೆ ಹೊಟ್ಟೆಲ್ಲ ಹಾರಿಹೋಗುತ್ತದೆ, ಕೈಯಲ್ಲಿ ಕಾಳು ಉಳಿಯುವುದೇ ಇಲ್ಲ. ಬರೀ ಜೊಳ್ಳು. ಇದೇ ಬೆಂಕಿ ರೋಗ. ಬೆಂಕಿ ತಗುಲಿ ಸುಟ್ಟಂತೆ ಕಾಣುವುದರಿಂದ ರೈತರು ಇಟ್ಟ ಹೆಸರು. ಮುಂಗಾರಿನಿಂದ ದುಡಿದ ಮನೆಯವರಿಗೆ ಕೊನೆಗೆ ದಕ್ಕುವುದು ದನಕ್ಕೆ ಹಾಕುವ ಹುಲ್ಲು ಮಾತ್ರ.

ಈಗ ಪಕ್ಕದ ಹೊಲ ನೋಡಿ. ಅದೇ ಮಳೆ, ಅದೇ ಮಂಜು, ಅದೇ ಗಾಳಿ. ಆದರೂ ತೆನೆ ಮುಷ್ಟಿ ಕಟ್ಟಿ ತುಂಬಿ ನಿಂತಿರಬಹುದು. ರೋಗದ ಬೀಜಕಣಗಳು ಗಾಳಿಯಲ್ಲಿ ಹಾರಿ ಈ ಹೊಲಕ್ಕೂ ಬಂದೇ ಇರುತ್ತವೆ, ಬದುವಿನ ಲೆಕ್ಕ ಅವಕ್ಕಿಲ್ಲ. ಹಾಗಾದರೆ ಇಲ್ಲಿ ಏನಾಯಿತು?

ಬೆಂಕಿ ರೋಗ ತರುವುದು ಪೈರಿಕ್ಯುಲೇರಿಯಾ ಎಂಬ ಶಿಲೀಂಧ್ರ. ನಮ್ಮ ಅಣಬೆಯ ದೂರದ ನೆಂಟ ಎನ್ನಿ. ಇದರ ಬೀಜಕಣ ಇಬ್ಬನಿಯಿಂದ ಒದ್ದೆಯಾದ ಎಲೆಯ ಮೇಲೆ ಕೂತು ಮೊಳೆಯುತ್ತದೆ. ಮೊಳಕೆಯ ತುದಿ ಗುಮ್ಮಟದಂತೆ ಉಬ್ಬಿ ಎಲೆಗೆ ಅಂಟಿಕೊಳ್ಳುತ್ತದೆ. ಆ ಗುಮ್ಮಟದೊಳಗೆ ಒತ್ತಡ ಏರುತ್ತಾ ಹೋಗುತ್ತದೆ. ಭತ್ತಕ್ಕೆ ಬೆಂಕಿ ರೋಗ ತರುವ ಶಿಲೀಂಧ್ರದಲ್ಲಿ ಈ ಒತ್ತಡವನ್ನು ಅಳೆದಿದ್ದಾರೆ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 80 ಪಟ್ಟು! ಕಾರಿನ ಟೈರಿನೊಳಗಿನ ಗಾಳಿಗೂ ಇಷ್ಟು ಬಲವಿಲ್ಲ. ಆ ಬಲದಿಂದ ಒಂದು ಸೂಕ್ಷ್ಮ ಮೊಳೆಯನ್ನು ಎಲೆಯೊಳಕ್ಕೆ ಚುಚ್ಚುತ್ತದೆ. ಆಮೇಲೆ ಒಂದು ಜೀವಕೋಶದಿಂದ ಇನ್ನೊಂದಕ್ಕೆ ನುಗ್ಗುತ್ತದೆ.

ನಿಮ್ಮ ಕಾಲಿಗೆ ಮುಳ್ಳು ಚುಚ್ಚಿದರೆ ರಕ್ತದಲ್ಲಿರುವ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಗಿಡಕ್ಕೆ ರಕ್ತವಿಲ್ಲ, ಓಡಾಡುವ ಕಾವಲುಗಾರರಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ಗೋಡೆಯೊಳಗೆ ಕೂತಲ್ಲೇ ಕೂತಿರುತ್ತದೆ. ತನ್ನನ್ನು ತಾನೇ ಕಾಪಾಡಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಒಂದೇ: ಸುದ್ದಿ. ಪಕ್ಕದ ಮನೆಗೆ ಕಳ್ಳ ನುಗ್ಗಿದ್ದಾನೆ ಎಂಬ ಸುದ್ದಿ ಬೇಗ ತಿಳಿದರೆ ಬಾಗಿಲು ಭದ್ರಪಡಿಸಿಕೊಳ್ಳಬಹುದು. ಆ ಸುದ್ದಿಯ ಚೀಟಿಗಳಲ್ಲಿ ಒಂದು ಬಗೆಯವನ್ನು ಪೆಪ್ಟೈಡ್ ಎನ್ನುತ್ತಾರೆ.

ಮಣಿಸರದ ತುಂಡು

ಚನ್ನಪಟ್ಟಣದ ಬೊಂಬೆ ಅಂಗಡಿಗಳಲ್ಲಿ ಅರಗಿನ ಬಣ್ಣ ಹಚ್ಚಿದ ಮರದ ಮಣಿಗಳ ಸರ ನೋಡಿದ್ದೀರಲ್ಲ? ನಿಮ್ಮ ಹತ್ತಿರ 20 ಬಣ್ಣದ ಮಣಿಗಳಿವೆ ಎಂದುಕೊಳ್ಳಿ. ಅವನ್ನು ಬೇಕಾದ ಕ್ರಮದಲ್ಲಿ ಪೋಣಿಸುತ್ತಾ ನೂರಾರು ಮಣಿಗಳ ಸರ ಮಾಡಬಹುದು. ನಮ್ಮ ಮೈಯಲ್ಲೂ ಗಿಡದಲ್ಲೂ ಇರುವ ಪ್ರೋಟೀನುಗಳು ಇಂಥ ಸರಗಳೇ. ಅಲ್ಲಿ ಮಣಿಗಳ ಬದಲು ಅಮೈನೋ ಆಮ್ಲಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದವು 20 ಬಗೆ. ಸರ ತೀರ ಚಿಕ್ಕದಾಗಿದ್ದರೆ, ಹತ್ತಿಪ್ಪತ್ತು ಮಣಿಗಳಷ್ಟೇ ಇದ್ದರೆ, ಅದನ್ನು ಪೆಪ್ಟೈಡ್ ಎನ್ನುತ್ತಾರೆ.

ಮಣಿಗಳ ಕ್ರಮವೇ ಚೀಟಿಯ ಅಕ್ಷರ. ಕೆಂಪು-ಹಳದಿ-ಹಸಿರು ಇದ್ದಲ್ಲಿ ಹಳದಿ-ಕೆಂಪು-ಹಸಿರು ಆದರೆ ಅರ್ಥವೇ ಬೇರೆಯಾಗಬಹುದು. ಚೀಟಿಯನ್ನು ಓದಲು ಜೀವಕೋಶದ ಹೊರಪೊರೆಯ ಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿರುತ್ತವೆ. ಬೀಗಕ್ಕೆ ಅದರದೇ ಕೀಲಿ ಹೊಂದುವಂತೆ ಒಂದೊಂದು ಗ್ರಾಹಕಕ್ಕೂ ಅದರದೇ ಪೆಪ್ಟೈಡ್ ಹೊಂದುತ್ತದೆ.

ಗಿಡಗಳಲ್ಲಿ ಇಂಥ ಚೀಟಿ ಇದೆ ಎಂದು ಮೊದಲು ತಿಳಿದದ್ದು ನಾವೆಲ್ಲ ಸಾರಿಗೆ ಹಾಕುವ ಟೊಮೆಟೊದಿಂದ. ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕ್ಲಾರೆನ್ಸ್ ರಯಾನ್ ಎಂಬ ವಿಜ್ಞಾನಿ ಇದ್ದರು. 1972ರಲ್ಲಿ ಅವರೂ ಅವರ ಸಂಗಡಿಗರೂ ಒಂದು ವಿಚಿತ್ರ ಗಮನಿಸಿದರು. ಟೊಮೆಟೊ ಗಿಡದ ಒಂದು ಎಲೆಯನ್ನು ಜೀರುಂಡೆ ಕಡಿದರೆ, ಅದು ಮುಟ್ಟದೇ ಇರುವ ಎಲೆಗಳಲ್ಲೂ ಒಂದು ವಸ್ತು ಹೆಚ್ಚುತ್ತಿತ್ತು. ಆ ವಸ್ತು ತಿಂದ ಹುಳುವಿಗೆ ಎಲೆಯ ಪ್ರೋಟೀನು ಜೀರ್ಣವಾಗುವುದಿಲ್ಲ. ಹೊಟ್ಟೆ ತುಂಬ ತಿಂದರೂ ಹುಳು ಬೆಳೆಯದು! ಸರಿ, ಕಡಿಸಿಕೊಂಡ ಎಲೆ ಮಿಕ್ಕ ಎಲೆಗಳಿಗೆ ಹೇಳಿದ್ದಾದರೂ ಹೇಗೆ?

ಇದಕ್ಕೆ ಉತ್ತರ ಸಿಗಲು 19 ವರ್ಷ ಹಿಡಿಯಿತು. ನೀವು ಒಂದನೇ ತರಗತಿಗೆ ಸೇರಿ, ಕಾಲೇಜು ಮುಗಿಸಿ ಹೊರಬರುವುದಕ್ಕಿಂತಲೂ ಹೆಚ್ಚು ಕಾಲ. ನಡುವೆ ತಪ್ಪು ದಾರಿಯನ್ನೂ ಹಿಡಿದದ್ದುಂಟು. ಮುರಿದ ಕೋಶಭಿತ್ತಿಯ ಚೂರುಗಳೇ ಸುದ್ದಿಗಾರರು ಎಂದು ಮೊದಲು ಅಂದುಕೊಂಡಿದ್ದರು, ಆದರೆ ಆ ಚೂರುಗಳು ಗಾಯದ ಜಾಗ ಬಿಟ್ಟು ದೂರ ಹೋಗುವುದಿಲ್ಲ ಎಂದು ತಿಳಿಯಿತು. ಕೊನೆಗೆ ರಾಶಿ ರಾಶಿ ಟೊಮೆಟೊ ಎಲೆ ಅರೆದು, ಸೋಸಿ, ಮತ್ತೆ ಸೋಸಿ, 1991ರಲ್ಲಿ ಗ್ರೆಗರಿ ಪಿಯರ್ಸ್ ಮತ್ತು ರಯಾನ್ ತಂಡದವರು ಅದನ್ನು ಬೇರ್ಪಡಿಸಿದರು. 18 ಮಣಿಗಳ ಪುಟ್ಟ ಸರ. ಹೆಸರು ಸಿಸ್ಟಮಿನ್. ಗಿಡ ಇದನ್ನು ನೇರವಾಗಿ ಪೋಣಿಸುವುದಿಲ್ಲ. 200 ಮಣಿಗಳ ಉದ್ದ ಸರವೊಂದನ್ನು ಮಾಡಿ, ಅದರಿಂದ ಈ 18 ಮಣಿಗಳ ತುಂಡನ್ನು ಕತ್ತರಿಸಿಕೊಳ್ಳುತ್ತದೆ. ಟೊಮೆಟೊದ ಬಂಧುಗಳಾದ ಆಲೂಗಡ್ಡೆ, ಮೆಣಸಿನಕಾಯಿ ಗಿಡಗಳಲ್ಲೂ ಇಂಥ ಪೆಪ್ಟೈಡ್ ಇದೆ. ರಾಗಿಯಲ್ಲಿ ಹುಡುಕಬೇಡಿ, ಅದು ಹುಲ್ಲಿನ ಮನೆತನ. ಅದರ ಚೀಟಿಯ ಮಾತು ಮುಂದೆ ಬರುತ್ತದೆ.

ಕಸಿ ಕಟ್ಟಿ ಕಂಡುಕೊಂಡದ್ದು

ಸಿಸ್ಟಮಿನ್ ಸಿಕ್ಕ ಮೇಲೆ, ಎಲೆಯಿಂದ ಎಲೆಗೆ ಪಯಣಿಸುವ ಸುದ್ದಿಗಾರ ಇವನೇ ಎಂದು ಎಲ್ಲರೂ ನಂಬಿದರು. ಹೆಸರನ್ನೂ ಆ ಅರ್ಥ ಬರುವಂತೆಯೇ ಇಟ್ಟಿದ್ದರು. ಆದರೆ ವಿಜ್ಞಾನದಲ್ಲಿ ಹೆಸರಿಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ.

ರಾಮನಗರ, ಕನಕಪುರದ ಕಡೆಯ ಮಕ್ಕಳಿಗೆ ಮಾವಿನ ಕಸಿ ಹೊಸದಲ್ಲ. ನಾಟಿ ಮಾವಿನ ಸಸಿಯ ತಲೆ ಕತ್ತರಿಸಿ, ಅದರ ಮೇಲೆ ಬಾದಾಮಿ ಮಾವಿನ ಕುಡಿ ಕೂರಿಸಿ ಕಟ್ಟುತ್ತಾರೆ. ಬೇರು ಒಂದರದು, ಹಣ್ಣು ಇನ್ನೊಂದರದು. ಅಮೆರಿಕದ ಗ್ರೆಗ್ ಹೋವ್ ಎಂಬ ವಿಜ್ಞಾನಿಯ ತಂಡ 2002ರಲ್ಲಿ ಇದೇ ಉಪಾಯವನ್ನು ಟೊಮೆಟೊ ಗಿಡಗಳ ಮೇಲೆ ಹೂಡಿತು.

ಗಾಯವಾದಾಗ ಗಿಡದಲ್ಲಿ ಜಾಸ್ಮೋನಿಕ್ ಆಮ್ಲ ಎಂಬ ಇನ್ನೊಂದು ವಸ್ತುವೂ ಉಂಟಾಗುತ್ತದೆ. ಮಲ್ಲಿಗೆಯ ಪರಿಮಳದಲ್ಲಿ ಇದರ ಹತ್ತಿರದ ನೆಂಟನಿದ್ದಾನೆ, ಹೆಸರು ಬಂದದ್ದೂ ಅಲ್ಲಿಂದಲೇ. ಹೋವ್ ಅವರ ಬಳಿ ಎರಡು ಬಗೆಯ ಊನ ಗಿಡಗಳಿದ್ದವು. ಒಂದಕ್ಕೆ ಈ ಆಮ್ಲವನ್ನು ತಯಾರಿಸಲು ಬಾರದು. ಇನ್ನೊಂದು ತಯಾರಿಸುತ್ತದೆ, ಆದರೆ ಬಂದ ಆಮ್ಲವನ್ನು ಗುರುತಿಸಲಾರದು. ಇವನ್ನು ಒಳ್ಳೆಯ ಗಿಡಗಳೊಂದಿಗೆ ಕಸಿ ಕಟ್ಟಿ, ಕೆಳಗಿನ ಎಲೆಗೆ ಗಾಯ ಮಾಡಿ, ಮೇಲಿನ ಎಲೆ ಎಚ್ಚೆತ್ತಿತೇ ಎಂದು ನೋಡಿದರು.

ಮುಂದೆ ಓದುವ ಮುನ್ನ ನೀವೇ ಯೋಚಿಸಿ. ಕೆಳಗೆ ತಯಾರಿಸಲಾರದ ಗಿಡ, ಮೇಲೆ ಒಳ್ಳೆಯ ಗಿಡ. ಮೇಲಿನ ಎಲೆ ಎಚ್ಚೆತ್ತೀತೇ?

ಎಚ್ಚರಾಗಲಿಲ್ಲ. ಕೆಳಗೆ ಗುರುತಿಸಲಾರದ ಗಿಡ ಇಟ್ಟು, ಮೇಲೆ ಒಳ್ಳೆಯ ಗಿಡ ಕೂರಿಸಿದಾಗ ಮಾತ್ರ ಮೇಲಿನ ಎಲೆ ಎಚ್ಚರಾಯಿತು! ಎಂದರೆ ಗಾಯದ ಜಾಗದಲ್ಲಿ ಈ ಆಮ್ಲ ತಯಾರಾಗಬೇಕು, ದೂರದ ಎಲೆ ಅದನ್ನು ಗುರುತಿಸಬೇಕು. ಮರುವರ್ಷ, 2003ರಲ್ಲಿ, ಸಿಸ್ಟಮಿನ್‌ಗೆ ಓಗೊಡದ ಗಿಡಗಳನ್ನು ಇಟ್ಟುಕೊಂಡು ಹೀಗೆಯೇ ಪರೀಕ್ಷಿಸಿದರು. ಸಿಸ್ಟಮಿನ್‌ನ ಕೆಲಸ ಮುಖ್ಯವಾಗಿ ಗಾಯವಾದ ಎಲೆಯಲ್ಲೇ ಎಂದು ಗೊತ್ತಾಯಿತು. ಅದು ದೂರದೂರಿಗೆ ಓಡುವ ಅಂಚೆಯವನಲ್ಲ, ಬೀದಿಯಲ್ಲಿ ನಿಂತು ಕೂಗಿ ಎಲ್ಲರನ್ನೂ ಎಬ್ಬಿಸುವವನು. ದೂರಕ್ಕೆ ಹೋಗುವ ಕೆಲಸದಲ್ಲಿ ಜಾಸ್ಮೋನಿಕ್ ಆಮ್ಲದ ಬಳಗದ ಪಾತ್ರ ದೊಡ್ಡದು. ಹೆಸರು ಮಾತ್ರ ಹಳೆಯದೇ ಉಳಿದಿದೆ. ನನಗಂತೂ ಈ ಇಡೀ ಕತೆಯಲ್ಲಿ ಬಹಳ ಇಷ್ಟವಾದ ಪ್ರಯೋಗ ಇದೇ. ದೊಡ್ಡ ಯಂತ್ರಕ್ಕಿಂತ ಕಸಿ ಕಟ್ಟುವ ಕೈ ಇಲ್ಲಿ ಮುಖ್ಯವಾಯಿತು.

ಮಲಗಿರುವ ಕತ್ತರಿ

ಹುಳುವಿನ ಮಾತು ಆಯಿತು. ಕಣ್ಣಿಗೆ ಕಾಣದ ಶಿಲೀಂಧ್ರ ಬಂದರೆ?

ಅದಕ್ಕೂ ಪೆಪ್ಟೈಡ್ ಇದೆ. ರಯಾನ್ ಅವರ ಪ್ರಯೋಗಾಲಯದಲ್ಲೇ 2006ರಲ್ಲಿ ಅರಬಿಡಾಪ್ಸಿಸ್ ಎಂಬ, ಸಾಸಿವೆಯ ಬಂಧುವಾದ ಪುಟ್ಟ ಗಿಡದಲ್ಲಿ 23 ಮಣಿಗಳ ಸರವೊಂದು ಸಿಕ್ಕಿತು. ಅದಕ್ಕೆ ಪೆಪ್-1 ಎಂದು ಹೆಸರಿಟ್ಟರು. ಇದರ ಉದ್ದ ಸರವನ್ನು ಹೆಚ್ಚಾಗಿ ತಯಾರಿಸುವಂತೆ ಮಾಡಿದ ಗಿಡಗಳು, ಬೇರು ಕೊಳೆಸುವ ಪಿಥಿಯಂ ಎಂಬ ರೋಗಾಣುವನ್ನು ಮಿಕ್ಕ ಗಿಡಗಳಿಗಿಂತ ಚೆನ್ನಾಗಿ ತಡೆದುಕೊಂಡವು.

ಹುಲ್ಲಿನ ಮನೆತನದಲ್ಲೂ ಪೆಪ್ ಇದೆ. ರಾಗಿಯ ದಾಯಾದಿಗಳಾದ ಭತ್ತದಲ್ಲಿ, ಮುಸುಕಿನ ಜೋಳದಲ್ಲಿ ಇದನ್ನು ಕಂಡಿದ್ದಾರೆ. 2011ರಲ್ಲಿ ಅಮೆರಿಕದ ವಿಜ್ಞಾನಿಗಳು ಮುಸುಕಿನ ಜೋಳದ ಗಿಡಕ್ಕೆ ಅದರದೇ ಪೆಪ್ ಅನ್ನು ಮುಂಚಿತವಾಗಿ ಕೊಟ್ಟು, ಆಮೇಲೆ ಎಲೆ ಒಣಗಿಸುವ ಶಿಲೀಂಧ್ರವನ್ನೂ ದಂಟು ಕೊಳೆಸುವ ಶಿಲೀಂಧ್ರವನ್ನೂ ತಗುಲಿಸಿದರು. ಚೀಟಿ ಮೊದಲೇ ಓದಿಕೊಂಡ ಗಿಡಗಳಿಗೆ ರೋಗ ಕಡಿಮೆ ಬಂತು.

ಚೀಟಿ ಹರಿದು ಹೊರಬೀಳುವ ಬಗೆ ಸೊಗಸಾಗಿದೆ. ಅರಬಿಡಾಪ್ಸಿಸ್‌ನ ಜೀವಕೋಶದಲ್ಲಿ ಉದ್ದ ಸರವೂ ಇರುತ್ತದೆ, ಅದನ್ನು ಕತ್ತರಿಸುವ ಕತ್ತರಿಯೂ ಇರುತ್ತದೆ. ಕತ್ತರಿ ಎಂದರೆ ಒಂದು ಕಿಣ್ವ. ಸುಮ್ಮನಿದ್ದಾಗ ಅದು ಮಲಗಿರುತ್ತದೆ. ಜೀವಕೋಶ ಒಡೆದೊಡನೆ ಅದರೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಕ್ಯಾಲ್ಸಿಯಂ ತಾಗಿದ್ದೇ ತಡ, ಕತ್ತರಿ ಎಚ್ಚೆತ್ತು ಸರವನ್ನು ಕತ್ತರಿಸುತ್ತದೆ. ತುಂಡಾದ ಪೆಪ್ ಹೊರಬಂದು ನೆರೆಯ ಕೋಶಗಳ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಇದನ್ನು ತೋರಿಸಿಕೊಟ್ಟದ್ದು 2019ರಲ್ಲಿ. ಸಾಯುತ್ತಿರುವ ಕೋಶದ ಕೊನೆಯ ಕೆಲಸ ನೆರೆಯವರಿಗೆ ಸುದ್ದಿ ಮುಟ್ಟಿಸುವುದು.

ಗಿಡ ತನ್ನ ಮುರುಕನ್ನಷ್ಟೇ ಅಲ್ಲ, ವೈರಿಯ ಚೂರನ್ನೂ ಗುರುತಿಸುತ್ತದೆ. ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಎಂಬ ವಸ್ತುವಿದೆ, ಜೀರುಂಡೆಯ ಗಟ್ಟಿ ಹೊದಿಕೆಯಲ್ಲಿರುವುದೂ ಅದೇ. ಗಿಡದಲ್ಲಿ ಕೈಟಿನ್ ಇಲ್ಲ. ಆದ್ದರಿಂದ ಕೈಟಿನ್ ತುಣುಕು ಕಂಡರೆ ಹೊರಗಿನವರು ಬಂದರೆಂದೇ ಲೆಕ್ಕ. ವೈರಿಯ ಚೂರಿನ ಜೊತೆಗೆ ನೆರೆಮನೆಯ ಪೆಪ್ ಕೂಡ ಬಂದರೆ ಅನುಮಾನ ಬಲವಾಗುತ್ತದೆ. ಆಗ ಜೀವಕೋಶಗಳು ಗೋಡೆ ದಪ್ಪ ಮಾಡುತ್ತವೆ. ಶಿಲೀಂಧ್ರದ ಗೋಡೆಯನ್ನೇ ಕರಗಿಸುವ ಕಿಣ್ವ ತಯಾರಿಸುತ್ತವೆ. ಆಸ್ಪತ್ರೆಯಲ್ಲಿ ಗಾಯ ತೊಳೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡನ್ನು ಅವೇ ತಯಾರಿಸಿಕೊಳ್ಳುತ್ತವೆ.

ಗಿಡ ಸದಾ ಹೀಗೇ ಎಚ್ಚರವಾಗಿದ್ದರೆ ರೋಗವೇ ಬಾರದಲ್ಲ, ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಮನೆಯಲ್ಲಿರುವುದು ಒಂದೇ ಕಣಜ ಎಂದುಕೊಳ್ಳಿ. ಊರ ತುಂಬ ಕಾವಲಿಟ್ಟರೆ ಕಾವಲುಗಾರರಿಗೂ ಅದರಿಂದಲೇ ಅಳೆದು ಕೊಡಬೇಕು, ಮಕ್ಕಳ ಊಟಕ್ಕೆ ಕೊರತೆ ಬೀಳುತ್ತದೆ. ಅರಬಿಡಾಪ್ಸಿಸ್‌ನ ಎಳೆಯ ಸಸಿಗಳಿಗೆ ಪೆಪ್ ಕೊಟ್ಟರೆ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದಲೇ ಕತ್ತರಿ ಮಲಗಿರುವುದು.

ಕಳ್ಳ ಚೀಟಿ

ಕಾವಲಿದ್ದರೂ ಕೆಲವರು ದಾಟುತ್ತಾರೆ. ಅದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ರಾಮನಗರದ ಗೂಡಿನ ಮಾರುಕಟ್ಟೆಗೆ ಬಂದರೆ ಸಾಕು. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಒಸರುವ ಬಿಳಿ ಹಾಲು ನಿಮ್ಮ ಕೈಗೆ ಅಂಟಿರಬೇಕು. ಆ ಹಾಲಿನಲ್ಲಿ ಸಕ್ಕರೆಯನ್ನು ಹೋಲುವ, ಆದರೆ ಸಕ್ಕರೆಯಲ್ಲದ ವಿಷಗಳಿವೆ ಎಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಹರಳು ಗಿಡದ ಎಲೆ ತಿನ್ನುವ ಎರಿ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಕೊಟ್ಟರೆ ಅದು ಉಳಿಯುವುದು ಕಷ್ಟ. ನಮ್ಮ ತಟ್ಟೆಗಳಲ್ಲಿ ಸಾಕುವ ರೇಷ್ಮೆ ಹುಳು ಮಾತ್ರ ಹಗಲೂ ರಾತ್ರಿ ಅದನ್ನೇ ಮೇಯ್ದು, ಗೂಡು ಕಟ್ಟಿ, ನಾಲ್ಕು ತಾಲ್ಲೂಕಿನ ಎಷ್ಟೋ ಮನೆಗಳ ಒಲೆ ಉರಿಸುತ್ತದೆ. ಆ ವಿಷ ಅದಕ್ಕೆ ನಾಟುವುದಿಲ್ಲ.

ಇದು ನಮಗೆ ಲಾಭ ತಂದ ದಾಟುವಿಕೆ. ನಷ್ಟ ತರುವುದೂ ಇದೆ. ಟೊಮೆಟೊ ಗಿಡಕ್ಕೆ ಸೊರಗು ರೋಗ ತರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಲ್ಲಿರುತ್ತದೆ. ಅದರ ಚಾಲಾಕಿತನ 2016ರಲ್ಲಿ ಬಯಲಾಯಿತು. ಗಿಡಗಳು ತಮ್ಮ ಬೆಳವಣಿಗೆಗಾಗಿ ರಾಲ್ಫ್ ಎಂಬ ಪೆಪ್ಟೈಡ್ ಬಳಸುತ್ತವೆ. ಫ್ಯುಸೇರಿಯಂ ಅದರ ನಕಲನ್ನು ತಾನೇ ತಯಾರಿಸಿ ಬೇರಿನ ಸುತ್ತ ಬಿಡುತ್ತದೆ! ಗಿಡದ ಗ್ರಾಹಕ ಮೋಸಹೋಗಿ ತನ್ನವರದೇ ಚೀಟಿ ಎಂದುಕೊಳ್ಳುತ್ತದೆ. ಬೇರಿನ ಸುತ್ತಲಿನ ಹುಳಿ ಕಡಿಮೆಯಾಗಿ ಶಿಲೀಂಧ್ರ ಹಬ್ಬಲು ಅನುಕೂಲವಾಗುತ್ತದೆ, ಗಿಡದ ಎಚ್ಚರವೂ ಮಂಕಾಗುತ್ತದೆ. ನಕಲು ಚೀಟಿ ಬರೆಯಲಾರದಂತೆ ಮಾಡಿದ ಶಿಲೀಂಧ್ರವನ್ನು ಬಿಟ್ಟು ನೋಡಿದರೆ ಟೊಮೆಟೊ ಗಿಡಗಳು ಸಾಯುವುದು ಬಹಳ ಕಡಿಮೆಯಾಯಿತು. ಅಂದ ಹಾಗೆ, ರಾಲ್ಫ್ ಅನ್ನು 2001ರಲ್ಲಿ ಮೊದಲು ಕಂಡುಹಿಡಿದದ್ದೂ ಪಿಯರ್ಸ್ ಮತ್ತು ರಯಾನ್ ತಂಡವೇ.

ಮತ್ತೆ ರಾಗಿ ಹೊಲಕ್ಕೆ

ಈಗ ಬದುವಿನ ಆಚೀಚೆಯ ಎರಡು ಹೊಲಗಳಿಗೆ ವಾಪಸು ಬರೋಣ. ವ್ಯತ್ಯಾಸ ಬಹಳ ಸಲ ತಳಿಯಲ್ಲಿರುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಆದ ಹೆಸರು ಅದು. ಆ ಪೈಕಿ ಇಂಡಾಫ್-5ರ ಮರಿ ಜಿಪಿಯು-28. ಬೆಂಗಳೂರಿನ ಜಿಕೆವಿಕೆಯಲ್ಲಿ ಬೆಳೆಸಿದ ಈ ತಳಿ ಬೆಂಕಿ ರೋಗವನ್ನು ಚೆನ್ನಾಗಿ ತಡೆಯುತ್ತದೆ. ನಿಮ್ಮ ಮನೆಯಲ್ಲಿ ಬಿತ್ತಿದ್ದು ಯಾವುದೆಂದು ಅಪ್ಪನನ್ನೋ ಅಜ್ಜಿಯನ್ನೋ ಕೇಳಿ. ಎಂ.ಎಲ್.-365 ಎನ್ನುವ ಇನ್ನೊಂದು ತಳಿಯ ಹೆಸರೂ ಕೇಳಿಬರಬಹುದು. ಆ ತಳಿಯ ಜೀನುಗಳನ್ನೆಲ್ಲ ಓದಿ 2017ರಲ್ಲಿ ಪ್ರಕಟಿಸಿದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ. 85 ಸಾವಿರಕ್ಕೂ ಹೆಚ್ಚು ಜೀನುಗಳು ಅದರಲ್ಲಿ ಎಣಿಕೆಗೆ ಸಿಕ್ಕವು. ವೈರಿಯನ್ನು ಗುರುತಿಸಲು ನೆರವಾಗುವ ಜೀನುಗಳೂ ಅವುಗಳಲ್ಲಿ ಸೇರಿವೆ.

ರೋಗ ತಡೆಯುವ ಗಿಡ ಬೇಗ ಗುರುತಿಸುತ್ತದೆ, ಬೇಗ ಮುಂದಾಗುತ್ತದೆ. ಕೆಲವೊಮ್ಮೆ ಶಿಲೀಂಧ್ರ ಹೊಕ್ಕ ಜಾಗದ ಕೋಶಗಳು ತಾವೇ ಸತ್ತುಬಿಡುತ್ತವೆ. ಜೀವಂತ ಕೋಶವಿಲ್ಲದೆ ಮೊದಮೊದಲಿಗೆ ಶಿಲೀಂಧ್ರಕ್ಕೆ ಊಟವಿಲ್ಲ, ಮುಂದಕ್ಕೆ ದಾರಿಯೂ ಇಲ್ಲ. ಇದರ ಗುರುತನ್ನು ನೀವು ಕಣ್ಣಾರೆ ನೋಡಬಹುದು.

ತೆನೆ ಬರುವುದಕ್ಕೆ ಮುಂಚೆ, ಜಿಟಿಜಿಟಿ ಮಳೆ ಹಿಡಿದು ಬಿಟ್ಟ ಮೇಲೆ, ಹೊಲದವರನ್ನು ಕೇಳಿಕೊಂಡು ರಾಗಿ ಎಲೆಗಳನ್ನು ನೋಡಿ. ಶಾಲೆಯಲ್ಲಿ ಮಸೂರ ಇದ್ದರೆ ತೆಗೆದುಕೊಂಡು ಹೋಗಿ. ಔಷಧಿ ಹೊಡೆದ ಹೊಲವಾದರೆ ಅಂದು ಬೇಡ. ಕೆಲವು ಮಚ್ಚೆಗಳು ಎರಡೂ ತುದಿ ಚೂಪಾಗಿ, ನಡು ಅಗಲವಾಗಿ, ಮಧ್ಯೆ ಬೂದಿ ಬಣ್ಣಕ್ಕಿರುತ್ತವೆ. ಅಲ್ಲಿ ಶಿಲೀಂಧ್ರ ಬೆಳೆದು ಹೊಸ ಬೀಜಕಣ ಹಾರಿಸುತ್ತಿದೆ ಎಂದರ್ಥ. ಇನ್ನು ಕೆಲವು ಗುಂಡುಸೂಜಿಯ ತಲೆಯಷ್ಟು ಚಿಕ್ಕ ಕಂದು ಚುಕ್ಕೆಗಳು, ನಡುವೆ ಬೂದಿ ಇಲ್ಲ. ಬೆಂಕಿ ರೋಗ ಅಳೆಯುವ ವಿಜ್ಞಾನಿಗಳ ಅಳತೆಯಲ್ಲಿ ಸೊನ್ನೆಯಿಂದ 9ರವರೆಗೆ ಅಂಕಗಳಿವೆ. ಇಂಥ ಚುಕ್ಕೆಗೆ ಅವರು ಕೊಡುವುದು ಕೇವಲ 1.

ಎಲೆಯ ಚಿತ್ರ ಬರೆದು, ಚುಕ್ಕೆಗಳನ್ನು ಒಂದು ಬಣ್ಣದಲ್ಲಿ, ಬೂದಿ ಮಚ್ಚೆಗಳನ್ನು ಇನ್ನೊಂದು ಬಣ್ಣದಲ್ಲಿ ಗುರುತಿಸಿ. ಗಿಡಕ್ಕೆ ಸಡಿಲವಾಗಿ ದಾರ ಕಟ್ಟಿ ಬನ್ನಿ. ಎಂಟು ದಿನ ಬಿಟ್ಟು ಅದೇ ಎಲೆಯನ್ನು ಹುಡುಕಿ ನೋಡಿ. ಕಂದು ಚುಕ್ಕೆ ಇದ್ದಲ್ಲೇ ಇದ್ದಷ್ಟೇ ಇದ್ದರೆ, ಅಲ್ಲಿ ಕೆಲವು ಜೀವಕೋಶಗಳು ಸತ್ತಿವೆ, ಅವುಗಳ ನೆರೆಯವು ಬದುಕಿವೆ.